ಎಣಿಸಬೇಕಾದದ್ದು ಉಸಿರನ್ನು

2021ರ ಏಪ್ರಿಲಿನಲ್ಲಿ, ಕೋವಿಡ್ಡಿನ ಎರಡನೆಯ ಅಲೆಯಲ್ಲಿ, ಮುಂಬೈ ಚೆಂಬೂರಿನ ನಮ್ಮ ಕಟ್ಟಡದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಸ್ಕೋರ್ ಎಷ್ಟು ಬಂತು?" ಶ್ವಾಸಕೋಶದ ಐದು ಹಾಲೆಗಳಿಗೆ ತಲಾ ಐದರಂತೆ, ಸಿ.ಟಿ. ಸ್ಕ್ಯಾನಿನಲ್ಲಿ 25ಕ್ಕೆ ಎಷ್ಟು ಎಂದು. ಅಂಕ ಹೆಚ್ಚಿದಷ್ಟೂ ಹಾನಿ ಹೆಚ್ಚು. ಕೆಳಮನೆಯ ಕುಂದಾಪುರದ ಹಿರಿಯರಿಗೆ 9 ಬಂದಿತ್ತು. ಮನೆಯವರು ನಿರಾಳರಾದರು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಆಯುಷ್ಯ ಸವೆಸಿದ ಅವರು "ಸ್ವಲ್ಪ ಸುಸ್ತು, ಅಷ್ಟೇ" ಎನ್ನುತ್ತ ಊರಿನವರೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರು. ನಾಲ್ಕು ಮಾತಿಗೊಮ್ಮೆ ಉಸಿರೆಳೆದುಕೊಳ್ಳುತ್ತಿದ್ದುದು ಯಾರ ಗಮನಕ್ಕೂ ಬಂದಿರಲಿಲ್ಲ.

ವೈದ್ಯರು ಮಗಳಿಗೆ ಹೇಳಿದ್ದು ಇಷ್ಟು: ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ಎಣಿಸಿ, ಎಣಿಸುತ್ತಿರುವುದು ಅವರಿಗೆ ತಿಳಿಯಬಾರದು. ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. 32 ಬಂತು, ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಬೆರಳಿನ ಆಕ್ಸಿಮೀಟರು ರಕ್ತದ ಆಮ್ಲಜನಕ ಶೇಕಡಾ 89ಕ್ಕೆ ಇಳಿದಿದೆ ಎಂದು ತೋರಿಸಿತು.

ಹಾಗಾದರೆ ಅವರಿಗೇಕೆ ಉಸಿರುಗಟ್ಟಿದಂತೆ ಅನಿಸಲಿಲ್ಲ? ಉಸಿರಿಗಾಗಿ ಹಪಹಪಿಸುವಂತೆ ಮಾಡುವುದು ಹೆಚ್ಚಾಗಿ ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಬೇಗಬೇಗ ಉಸಿರಾಡುವಾಗ ಅದು ಹೊರಹೋಗುತ್ತಲೇ ಇರುತ್ತದೆ. ಆಮ್ಲಜನಕ ಸದ್ದಿಲ್ಲದೆ ಇಳಿಯುತ್ತದೆ.

ಬ್ರಿಟನ್ನಿನ ಸಂಶೋಧಕರು ಆಸ್ಪತ್ರೆ ಸೇರಿದ 35 ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳ ದಾಖಲೆಗಳಿಂದ ಸಾವಿನ ಅಪಾಯ ಅಳೆಯುವ ಒಂದು ಲೆಕ್ಕಪಟ್ಟಿ ಕಟ್ಟಿ 2020ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದರು. ಅದರ ಹೆಸರು 4ಸಿ ಸ್ಕೋರ್, ಒಟ್ಟು 21 ಅಂಕ. ವಯಸ್ಸು, ಲಿಂಗ, ಹಳೆಯ ಕಾಯಿಲೆಗಳು, ಉಸಿರಾಟದ ವೇಗ, ಆಮ್ಲಜನಕದ ಮಟ್ಟ, ಎಚ್ಚರ, ರಕ್ತದ ಯೂರಿಯಾ ಮತ್ತು ಉರಿಯೂತ ಸೂಚಿಸುವ ಸಿ.ಆರ್.ಪಿ. ಎಂಬ ಅಂಶ, ಅದು ಲೆಕ್ಕಕ್ಕೆ ಹಿಡಿಯುವುದು ಇಷ್ಟನ್ನು. ಸಿ.ಟಿ. ಸ್ಕ್ಯಾನಿಗೆ ಇದರಲ್ಲಿ ಜಾಗವೇ ಇಲ್ಲ! ಸ್ಕ್ಯಾನ್ ಸುಳ್ಳು ಹೇಳುತ್ತದೆಂದಲ್ಲ. ಶ್ವಾಸಕೋಶ ಎಷ್ಟು ಕೆಟ್ಟಿದೆ ಎಂದು ಅದು ಹೇಳುತ್ತದೆ, ಆ ಹೊರೆಯನ್ನು ಹೊತ್ತ ದೇಹ ಎಂಥದು ಎಂದು ಹೇಳುವುದಿಲ್ಲ.

ನಮ್ಮ ಹಿರಿಯರದನ್ನೇ ಕೂಡಿಸೋಣ. ವಯಸ್ಸು 72ಕ್ಕೆ 6, ಗಂಡಸಾದ್ದರಿಂದ 1, ಸಕ್ಕರೆ ಕಾಯಿಲೆಗೆ 1, ಉಸಿರು ಮೂವತ್ತು ದಾಟಿದ್ದಕ್ಕೆ 2, ಆಮ್ಲಜನಕ 92ಕ್ಕಿಂತ ಕೆಳಗಿಳಿದದ್ದಕ್ಕೆ 2. ರಕ್ತಪರೀಕ್ಷೆಗೆ ಮೊದಲೇ 12. ಮೂರರವರೆಗಿನ ಅಂಕದವರಲ್ಲಿ ಸತ್ತವರು ನೂರಕ್ಕೆ ಸುಮಾರು ಒಬ್ಬರು. ಒಂಬತ್ತರಿಂದ ಹದಿನಾಲ್ಕರವರಲ್ಲಿ ನೂರಕ್ಕೆ ಮೂವತ್ತರ ಮೇಲೆ. ಅಂದರೆ ಅವರಂಥ ನೂರು ಜನರಲ್ಲಿ ಹೆಚ್ಚಿನವರು ಬದುಕಿದ್ದಾರೆ. ಇವರು ಯಾವ ಗುಂಪಿಗೆ ಸೇರುತ್ತಾರೆ ಎಂದು ಹೇಳುವ ಶಕ್ತಿ ಯಾವ ಅಂಕಕ್ಕೂ ಇಲ್ಲ. ಈ ಪಟ್ಟಿ ಲಸಿಕೆ ಬರುವ ಮೊದಲಿನದು ಎಂಬುದೂ ನೆನಪಿರಲಿ.

ಆದರೂ ಇಂಥ ಸಂಖ್ಯೆಗಳಿಂದ ಜೀವ ಉಳಿಯುತ್ತದೆ, ಯಾವ ಔಷಧ ಯಾರಿಗೆ ಬೇಕು ಎಂದು ತಿಳಿಯುವುದು ಅವುಗಳಿಂದಲೇ. ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ವೆಂಟಿಲೇಟರಿನಲ್ಲಿದ್ದವರ ಸಾವನ್ನು ಮೂರನೇ ಒಂದರಷ್ಟು, ಆಮ್ಲಜನಕ ಪಡೆಯುತ್ತಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತೆಂದು 2020ರ ಜೂನಿನಲ್ಲೇ ತಿಳಿದಿತ್ತು. ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಹೆದರಿ ಮೊದಲ ದಿನವೇ ಅದನ್ನು ನುಂಗಿದವರನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆಸ್ಪತ್ರೆಯ ಹಾಸಿಗೆಗಳನ್ನು ಹಂಚುತ್ತಿದ್ದ ಪಾಲಿಕೆ ವಾರ್ಡಿನ ವಾರ್ ರೂಮಿನವರು ಕೇಳಿದ್ದೂ ವಯಸ್ಸು ಮತ್ತು ಆಮ್ಲಜನಕ. ಅಂದು ರಾತ್ರಿಯೇ ಹಾಸಿಗೆ ಸಿಕ್ಕಿತು. ಹತ್ತೊಂಬತ್ತನೆಯ ದಿನ ಮನೆಗೆ ಬಂದವರು ಗಂಜಿ ಉಂಡು ಮಲಗಿದರು. ಮಗಳು ಬಾಗಿಲಲ್ಲಿ ನಿಂತು ಮತ್ತೊಮ್ಮೆ ಎಣಿಸಿದಳು. 18.