ಎಷ್ಟು ಸಲ ಬಟ್ಟಿ ಇಳಿಸಿದರೆ ಸ್ಪಿರಿಟ್‌ನ ನೀರು ಪೂರ್ತಿ ಹೋಗುತ್ತದೆ?

ದಾವಣಗೆರೆಯಲ್ಲಿ ರಸಾಯನಶಾಸ್ತ್ರ ಹೇಳುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಪ್ರತಿ ವರ್ಷ ಕೊಡುವ ಉತ್ತರವನ್ನೇ ಮತ್ತೆ ಕೊಡುತ್ತೇನೆ: ಸಾಮಾನ್ಯ ಒತ್ತಡದಲ್ಲಿ ಎಷ್ಟು ಸಲ ಇಳಿಸಿದರೂ ಪೂರ್ತಿ ಹೋಗುವುದಿಲ್ಲ.

"ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ, ನೀರು 100ಕ್ಕೆ. ಉರಿಯನ್ನು 78ರಲ್ಲೇ ಹಿಡಿದರೆ ಆಲ್ಕೋಹಾಲ್ ಮಾತ್ರ ಏಳುತ್ತದಲ್ಲವೇ?" ಇಲ್ಲ. ಈ ನಂಬಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಆವಿಯಾಗಲು ನೀರಿಗೆ 100 ಡಿಗ್ರಿ ಬೇಕೇ ಬೇಕೆಂದಾದರೆ ಏಪ್ರಿಲ್ ಬಿಸಿಲಿನಲ್ಲಿ ಮಾಳಿಗೆಯ ಮೇಲೆ ಬಟ್ಟೆ ಒಣಗುವುದು ಹೇಗೆ? ಬೆರೆತ ದ್ರವಗಳು ಸರದಿಯಲ್ಲಿ ಏಳುವುದಿಲ್ಲ, ಕೂಡಿಯೇ ಏಳುತ್ತವೆ. ತೂಕದಲ್ಲಿ ನೂರಕ್ಕೆ 10 ಪಾಲು ಆಲ್ಕೋಹಾಲ್ ಇರುವ ದ್ರಾವಣ ಕುದಿಯುವುದು 78ಕ್ಕಲ್ಲ, ಸುಮಾರು 91ಕ್ಕೆ. ಮೊದಲ ಆವಿಯಲ್ಲೇ ಅರ್ಧದಷ್ಟು ನೀರಿರುತ್ತದೆ. ಅದನ್ನು ತಣಿಸಿ ಮತ್ತೆ ಮತ್ತೆ ಕುದಿಸಿದಂತೆ ಆಲ್ಕೋಹಾಲ್ ಪಾಲು ಏರುತ್ತದೆ, ಆದರೆ 95.6ರ ಆಚೆ ಹೋಗುವುದಿಲ್ಲ. ಆ ಹಂತದ ಮಿಶ್ರಣ 78.2 ಡಿಗ್ರಿಗೇ, ಶುದ್ಧ ಆಲ್ಕೋಹಾಲಿಗಿಂತ ತುಸು ಮೊದಲೇ ಕುದಿಯುತ್ತದೆ. ದ್ರವದಲ್ಲಿ ನೀರು ಎಷ್ಟೋ ಆವಿಯಲ್ಲೂ ಅಷ್ಟೇ. ಇಂಥ ಮಿಶ್ರಣವೇ ಅಜಿಯೋಟ್ರೋಪ್. ದ್ರವದಲ್ಲೂ ಆವಿಯಲ್ಲೂ ನೀರಿನ ಪಾಲು ಒಂದೇ ಆದ ಮೇಲೆ ಬೇರ್ಪಡಿಸಲು ಬಟ್ಟಿಗೆ ಏನೂ ಉಳಿದಿರುವುದಿಲ್ಲ.

ಪೆಟ್ರೋಲಿಗೆ ಬೆರೆಸುವ ಎಥನಾಲ್ 99.5ರ ಮೇಲಿರುತ್ತದಲ್ಲ ಎಂದು ಕುಕ್ಕುವಾಡದ ಸುತ್ತಲಿನ ಕಬ್ಬು ಬೆಳೆಗಾರರ ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕೊನೆಯ ನೀರನ್ನು ತೆಗೆಯುವುದು ಬಟ್ಟಿಯಲ್ಲ, ಜಿಯೋಲೈಟ್ ಎಂಬ, ಅತಿ ಸಣ್ಣ ರಂಧ್ರಗಳಿರುವ ಖನಿಜದ ಗುಳಿಗೆಗಳು. ಅವುಗಳ 3 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಎಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು) ರಂಧ್ರದಲ್ಲಿ ನೀರಿನ ಅಣು ಹಿಡಿಸುತ್ತದೆ, ಆಲ್ಕೋಹಾಲಿನದು ಹಿಡಿಸುವುದಿಲ್ಲ. ಹಿಂದೆ ಪ್ರಯೋಗಾಲಯಗಳಲ್ಲಿ ಸ್ಪಿರಿಟ್‌ಗೆ ಸುಟ್ಟ ಸುಣ್ಣ ಹಾಕಿ, ಅದರ ನೀರನ್ನು ಸುಣ್ಣಕ್ಕೆ ಕುಡಿಸಿ, ಆಮೇಲೆ ಬಟ್ಟಿ ಇಳಿಸುತ್ತಿದ್ದರು.

ಆಮ್ಲಗಳ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಅಲ್ಲಿಯ ಸೊಗಸೇ ಬೇರೆ. ಶುದ್ಧ ನೈಟ್ರಿಕ್ ಆಮ್ಲ 83 ಡಿಗ್ರಿಗೆ ಕುದಿಯುತ್ತದೆ. 68 ಪಾಲು ಆಮ್ಲ, 32 ಪಾಲು ನೀರಿನ ಮಿಶ್ರಣ ಸುಮಾರು 120ರವರೆಗೂ ತಡೆಯುತ್ತದೆ. ಹೀಗಾಗಿ ತೆಳು ಆಮ್ಲ ಕುದಿಸಿದಾಗ ನೀರೇ ಹೆಚ್ಚಾಗಿ ಹೊರಟು, ಪಾತ್ರೆಯಲ್ಲಿ ಉಳಿದದ್ದು 68ಕ್ಕೆ ಬಂದು ನಿಲ್ಲುತ್ತದೆ. ಅದನ್ನು ದಾಟಬೇಕೆಂದರೆ ಗಾಢ ಗಂಧಕಾಮ್ಲ ಸೇರಿಸಿ ಬಟ್ಟಿ ಇಳಿಸಬೇಕು. ಗಂಧಕಾಮ್ಲ ನೀರನ್ನು ಹಿಡಿದುಕೊಂಡು ನೈಟ್ರಿಕ್ ಆವಿಯನ್ನು ಬಿಟ್ಟುಕೊಡುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ ನಿಲ್ಲುವುದು ಸುಮಾರು 20ರಲ್ಲಿ. ಅಂಗಡಿಯಲ್ಲಿ ಸಿಗುವ 37ರ ಗಾಢ ಆಮ್ಲವನ್ನು ಕುದಿಸಿದರೆ ಅದು ಇನ್ನಷ್ಟು ತೆಳುವಾಗುತ್ತದೆ! ಗಂಧಕಾಮ್ಲದ ಗೆರೆ 98.3, ಅದೂ ಸುಮಾರು 338 ಡಿಗ್ರಿಯಲ್ಲಿ. ಬ್ಯಾಟರಿ ಆಮ್ಲವನ್ನು (ಅದೂ ತೆಳು ಗಂಧಕಾಮ್ಲವೇ) ಮನೆಯ ಒಲೆಯ ಮೇಲೆ ಗಾಢ ಮಾಡಲು ಹೋಗಬೇಡಿ: ಅಷ್ಟು ಬಿಸಿಯಲ್ಲಿ ಏಳುವ ಬಿಳಿ ಹೊಗೆ ಶ್ವಾಸಕೋಶವನ್ನೇ ಸುಡುತ್ತದೆ.