ಕ್ಯಾಶ್ ಮಿಸ್ ಆದದ್ದು ಯಾವ ವಿಳಾಸಕ್ಕೆ?

ಪ್ರೋಗ್ರಾಂ ನಿಧಾನ ಅಂದ ಕೂಡಲೇ ಹೆಚ್ಚಿನವರು ಕ್ಯಾಶ್ ಮಿಸ್ (ಬೇಕಾದ ಡೇಟಾ ಪ್ರೊಸೆಸರ್ ಬಳಿಯ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಸಿಗದಿರುವುದು) ಎಣಿಸಲು ಶುರು ಮಾಡುತ್ತಾರೆ. ಕೋಟಿಗಟ್ಟಲೆ ಮಿಸ್ ಎಂದು ಲೆಕ್ಕ ಸಿಗುತ್ತದೆ. ಸರಿ, ಅದನ್ನಿಟ್ಟುಕೊಂಡು ಏನು ಮಾಡುವುದು? ಯಾವ ಡೇಟಾ ತರಲು ಹೊತ್ತಾಯಿತು ಅನ್ನೋದು ತಿಳಿಯದೆ ಕೋಡಿನ ಒಂದು ಸಾಲನ್ನೂ ಧೈರ್ಯವಾಗಿ ತಿದ್ದಲು ಆಗುವುದಿಲ್ಲ. ನಮಗೆ ಬೇಕಿರುವುದು ಆ ಡೇಟಾದ ಮೆಮೊರಿ ವಿಳಾಸ.

ಮಿಸ್ ಎಣಿಸುವ ಪ್ರೊಸೆಸರ್‌ನ ಕೌಂಟರ್ ತುಂಬಿ ಉಕ್ಕಿದಾಗ ಇಂಟರಪ್ಟ್ (ಓಡುತ್ತಿರುವ ಕೆಲಸವನ್ನು ತಡೆಯುವ ಸೂಚನೆ) ಬರುವಂತೆ ಮಾಡಿ, ಆ ಹೊತ್ತಿಗೆ ಯಾವ ಇನ್‌ಸ್ಟ್ರಕ್ಷನ್ ಓಡುತ್ತಿತ್ತು ಎಂದು ಬರೆದಿಟ್ಟುಕೊಳ್ಳುವುದು ಹಳೆಯ ದಾರಿ. ತೊಂದರೆ ಏನೆಂದರೆ, ಇಂಟರಪ್ಟ್ ತಲುಪುವಷ್ಟರಲ್ಲಿ ಪ್ರೊಸೆಸರ್ ಮುಂದೆ ಹೋಗಿರುತ್ತದೆ. ತಡ ಮಾಡಿದ್ದು ಒಂದು ಲೋಡ್ (ಮೆಮೊರಿಯಿಂದ ಡೇಟಾ ಓದುವ ಇನ್‌ಸ್ಟ್ರಕ್ಷನ್), ಹೆಸರು ಕೆಡುವುದು ಅದರ ಮುಂದಿನ ಇನ್‌ಸ್ಟ್ರಕ್ಷನ್‌ನದು. ಇದೇ ಸ್ಕಿಡ್. ಅಷ್ಟರೊಳಗೆ ರಿಜಿಸ್ಟರ್‌ಗಳೂ ಬದಲಾಗಿದ್ದರೆ ಡೇಟಾ ವಿಳಾಸ ಕೈಗೆ ಸಿಗುವುದಿಲ್ಲ.

ಅದಕ್ಕೇ ಈ ಕೆಲಸವನ್ನು ಹಾರ್ಡ್‌ವೇರೇ ವಹಿಸಿಕೊಂಡಿತು. ಇಂಟೆಲ್‌ನ ಪೆಬ್ಸ್ ಎಂಬ ಸೌಲಭ್ಯದಲ್ಲಿ ಪ್ರೊಸೆಸರೇ ದಾಖಲೆಯನ್ನು ಮೆಮೊರಿಯ ಬಫರ್‌ಗೆ ಬರೆಯುತ್ತದೆ. ಎಎಂಡಿಯ ಐಬಿಎಸ್ ಮತ್ತು ಆರ್ಮ್‌ನ ಎಸ್‌ಪಿಇ ಒಂದು ಆಪರೇಷನ್ ಆರಿಸಿ, ಅದು ಮುಗಿಯುವ ತನಕ ಹಿಂಬಾಲಿಸುತ್ತವೆ. ಇಂಟೆಲ್‌ನಲ್ಲಿ ನೆಹಾಲೆಮ್ ಪೀಳಿಗೆಯ ಪ್ರೊಸೆಸರ್‌ಗಳಿಂದ ಈಚೆಗೆ ಹೀಗೆ ದಾಖಲಾದ ಪ್ರತಿ ಲೋಡ್ ಸ್ಯಾಂಪಲ್ ಜೊತೆ ಡೇಟಾ ವಿಳಾಸ, ಎಷ್ಟು ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಹಿಡಿಯಿತು, ಡೇಟಾ ಎಲ್ಲಿಂದ ಬಂತು ಎಂಬ ಮೂರೂ ಸಿಗುತ್ತವೆ.

ಒಂದು ಉದಾಹರಣೆ ನೋಡೋಣ. ಎರಡು ಥ್ರೆಡ್‌ಗಳು ತಮ್ಮ ತಮ್ಮ ಕೌಂಟರ್ ವೇರಿಯೇಬಲ್ ಹೆಚ್ಚಿಸುತ್ತಿವೆ. ಲಾಕ್ ಇಲ್ಲ, ಹಂಚಿಕೆಯೂ ಇಲ್ಲ. ಆದರೂ ಒಂದೇ ಥ್ರೆಡ್ ಇದ್ದಾಗಿನಕ್ಕಿಂತ ನಿಧಾನ. ಇಂಥ ಸ್ಯಾಂಪಲ್‌ಗಳನ್ನು ಸಂಗ್ರಹಿಸುವ ಲಿನಕ್ಸ್‌ನ ‘ಪರ್ಫ್ ಮೆಮ್’ ಓಡಿಸಿದರೆ ತಡವಾದ ಲೋಡ್‌ಗಳೆಲ್ಲ ಎರಡೇ ವಿಳಾಸಗಳಲ್ಲಿ ಗುಂಪಾಗಿರುತ್ತವೆ. ಹೆಕ್ಸ್‌ನಲ್ಲಿ ಒಂದರ ಕೊನೆ 40, ಇನ್ನೊಂದರ ಕೊನೆ 48. ಅಂತರ ಬರೀ 8 ಬೈಟ್, ಕ್ಯಾಶ್ ಲೈನ್ (ಕ್ಯಾಶ್‌ಗೆ ಒಮ್ಮೆಗೆ ಬರುವ ತುಂಡು) 64 ಬೈಟ್. ಅಂದರೆ ಎರಡೂ ಒಂದೇ ಲೈನಿನಲ್ಲಿವೆ, ಒಂದು ಕೋರ್ ಬರೆದರೆ ಇನ್ನೊಂದು ಕೋರ್ ಇಡೀ ಲೈನನ್ನು ಮತ್ತೆ ತರಬೇಕು. ಡೇಟಾ ಎಲ್ಲಿಂದ ಬಂತು ಎಂಬ ಕಡೆ ‘ಹಿಟ್ಎಂ’ ಎಂದಿದ್ದರೆ ಅನುಮಾನವೇ ಬೇಡ: ಇನ್ನೊಂದು ಕೋರ್ ಆಗಷ್ಟೇ ಬದಲಿಸಿದ ಲೈನನ್ನು ಅದರ ಕ್ಯಾಶ್‌ನಿಂದ ಎಳೆದು ತರಲಾಗಿದೆ. ಇಂಥದ್ದನ್ನು ಹುಡುಕಲೆಂದೇ ‘ಪರ್ಫ್ ಸಿ2ಸಿ’ ಇದೆ. ಕೌಂಟರ್‌ಗಳನ್ನು ಬೇರೆ ಬೇರೆ ಲೈನಿಗೆ ಸರಿಸಿದರೆ ಮುಗಿಯಿತು. ಬರೀ ಮಿಸ್ ಎಣಿಸುತ್ತಾ ಕೂತಿದ್ದರೆ ಇದು ಹೊಳೆಯುವುದು ಕಷ್ಟ ಅಲ್ವಾ?

ಸೈಕಲ್ ಸಂಖ್ಯೆಯನ್ನು ಮಾತ್ರ ಎಚ್ಚರದಿಂದ ಓದಿ. ಅದರಲ್ಲಿ ಸರದಿಗಾಗಿ ಕಾದ ಹೊತ್ತೂ ಸೇರಿರುತ್ತದೆ, ಆದ್ದರಿಂದ ಅದು ಮುಖ್ಯ ಮೆಮೊರಿಯಾದ ಡಿರ‍್ಯಾಮ್ ವೇಗದ ಅಳತೆ ಅಲ್ಲ. ಒಂದು ಲೋಡ್ 200 ಸೈಕಲ್ ತೆಗೆದುಕೊಂಡರೂ ಅಷ್ಟರಲ್ಲಿ ಪ್ರೊಸೆಸರ್ ಬೇರೆ ಕೆಲಸ ಮುಗಿಸಿಕೊಂಡಿದ್ದರೆ ನಷ್ಟ ಕಡಿಮೆಯೇ. ಲಿಂಕ್ಡ್ ಲಿಸ್ಟ್‌ನಂತೆ ಒಂದು ಲೋಡ್ ಮುಗಿಯದೆ ಮುಂದಿನ ವಿಳಾಸವೇ ಗೊತ್ತಾಗದ ಕಡೆ ಮಾತ್ರ ಆ 200 ಪೂರ್ತಿ ನಮ್ಮ ತಲೆಗೆ ಬರುತ್ತದೆ. ಇನ್ನೊಂದು, ಇಂಟೆಲ್‌ನಲ್ಲಿ ‘ಪರ್ಫ್ ಮೆಮ್’ ಸುಮ್ನೆ ಓಡಿಸಿದರೆ 30 ಸೈಕಲ್‌ಗಿಂತ ಬೇಗ ಮುಗಿದ ಲೋಡ್‌ಗಳನ್ನು ಬಿಟ್ಟುಬಿಡುತ್ತದೆ. 4-5 ಸೈಕಲ್‌ನ ಎಲ್1 ಹಿಟ್‌ಗಳು (ತೀರಾ ಹತ್ತಿರದ ಕ್ಯಾಶ್‌ನಲ್ಲೇ ಡೇಟಾ ಸಿಕ್ಕ ಲೋಡ್‌ಗಳು) ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಅಲ್ಲಿ ಕಾಣುವ ಶೇಕಡಾವಾರು ಒಟ್ಟು ಲೋಡ್‌ಗಳದ್ದಲ್ಲ.

ಹೀಪ್ ಡೇಟಾ (ಪ್ರೋಗ್ರಾಂ ಓಡುವಾಗ ಕೇಳಿ ಪಡೆದ ಮೆಮೊರಿಯಲ್ಲಿರುವುದು) ಆದರೆ ವಿಳಾಸ ಸಿಕ್ಕ ಮೇಲೂ ಕೆಲಸ ಉಳಿದಿರುತ್ತದೆ. ಪರ್ಫ್‌ಗೆ ಆ ವಿಳಾಸ ಯಾವ ಆಬ್ಜೆಕ್ಟಿನದು ಎಂದು ಗೊತ್ತಿರುವುದಿಲ್ಲ. ನಾನು ಪ್ರತಿ ದೊಡ್ಡ ಅಲೊಕೇಶನ್‌ನ ಶುರುವಿನ ವಿಳಾಸ, ಗಾತ್ರ ಮತ್ತು ಅದನ್ನು ಕೇಳಿದ ಫಂಕ್ಷನ್ ಹೆಸರನ್ನು ಲಾಗ್ ಮಾಡಿಸಿ, ಸ್ಯಾಂಪಲ್‌ಗಳನ್ನು ಅದರ ಪಕ್ಕ ಇಟ್ಟು ಹೊಂದಿಸುತ್ತೇನೆ. ಸ್ವಲ್ಪ ಬೇಸರದ ಕೆಲಸವೇ. ಆದರೆ ಯಾವ ಸ್ಟ್ರಕ್ಟ್‌ಗೆ ಕೈ ಹಾಕಬೇಕು ಎಂಬುದು ಅಲ್ಲೇ ಗೊತ್ತಾಗುತ್ತದೆ.