ಪಾಲು ಕೇಳಿದವರ ಅರ್ಜಿಯನ್ನು ಮೊದಲು ಓದಿ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಅಭ್ಯರ್ಥಿಗಳಿಗೆ ವಿಶ್ವ ಇತಿಹಾಸ ಹೇಳಿಕೊಡುವ ನನಗೆ, ಅಮೆರಿಕದ ಅಂತರ್ಯುದ್ಧದ ಪ್ರಶ್ನೆಯಿರುವ ಉತ್ತರಪತ್ರಿಕೆಗಳ ಕಟ್ಟು ಮೇಜಿಗೆ ಬಂದಾಗಲೆಲ್ಲ ಒಂದು ವಾಕ್ಯದ ಭಯ. ‘ಗುಲಾಮಗಿರಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾದರೂ ನಿಜವಾದ ಕಾರಣ ರಾಜ್ಯಗಳ ಹಕ್ಕು ಮತ್ತು ಆಮದು ಸುಂಕ’ ಎಂಬ ಆ ವಾಕ್ಯವನ್ನು ಬರೆಯುವವರು ದಡ್ಡರಲ್ಲ. ಪಠ್ಯವನ್ನು ಬದಿಗಿಟ್ಟು ನಾಲ್ಕು ವಿಡಿಯೊ ನೋಡಿದ, ಉಳಿದವರಿಗಿಂತ ಬೇರೆಯಾಗಿ ಬರೆದು ಎರಡು ಅಂಕ ಹೆಚ್ಚು ಪಡೆಯುವ ಹಂಬಲದ ಜಾಣರು ಅವರು. ನನ್ನ ಸಿಟ್ಟು ಹೆಚ್ಚುವುದೂ ಅದಕ್ಕೇ.

ಗುಲಾಮಗಿರಿಯ ಜಗಳಕ್ಕೆ ಸಂಬಂಧಿಸಿದ 1820ರ ಮಿಸೌರಿ ಒಪ್ಪಂದ, 1854ರ ಕನ್ಸಾಸ್-ನೆಬ್ರಾಸ್ಕಾ ಕಾಯ್ದೆ, 1857ರ ಡ್ರೆಡ್ ಸ್ಕಾಟ್ ತೀರ್ಪು ಇವೆಲ್ಲ ಯಾವ ನೋಟ್ಸಿನಲ್ಲಾದರೂ ಸಿಗುತ್ತವೆ; ಅವನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಾನು ಹೇಳಬೇಕಾಗಿರುವುದು ಒಂದೇ: ದಕ್ಷಿಣದ ರಾಜ್ಯಗಳು ಒಕ್ಕೂಟವನ್ನು ಬಿಟ್ಟು ಹೋದದ್ದೇಕೆ ಎಂಬುದು ಒಂದು ಪ್ರಶ್ನೆ, ಅವು ಬಿಟ್ಟುಹೋದ ಮೇಲೆ ಉತ್ತರದ ರಾಜ್ಯಗಳು ಯುದ್ಧಕ್ಕಿಳಿದದ್ದೇಕೆ ಎಂಬುದು ಇನ್ನೊಂದು ಪ್ರಶ್ನೆ. ಎರಡನೆಯದರ ಉತ್ತರವನ್ನು ತಂದು ಮೊದಲನೆಯದಕ್ಕೆ ಅಂಟಿಸುವುದರಿಂದಲೇ ಈ ಗೊಂದಲವೆಲ್ಲ ಹುಟ್ಟುತ್ತದೆ.

ಇದನ್ನು ತರಗತಿಯಲ್ಲಿ ಮೂರನೆಯ ಬಾರಿ ಹೇಳುತ್ತಿದ್ದಾಗ, ತಂದೆ ಹಳ್ಳಿಯೊಂದರಲ್ಲಿ ಜಮೀನಿನ ಲೆಕ್ಕ ನೋಡುವ ತಲಾಟಿಯಾಗಿರುವ ಹುಡುಗನೊಬ್ಬ ಎದ್ದು ನಿಂತು, ‘ಸರ, ನಮ್ಮೂರಾಗ ವಾಟ್ನಿ (ಆಸ್ತಿಯ ಪಾಲು) ಕೇಳಿದವರ ಅರ್ಜಿ ಮೊದ್ಲ ಓದ್ತಾರ್ರಿ, ಬ್ಯಾಡ ಅನ್ನಾಂವ ಏನಂತಾನ ಅನ್ನೂದು ಆಮ್ಯಾಲೆ’ ಎಂದ. ನನ್ನ ಅರ್ಧ ಗಂಟೆಯ ಉಪನ್ಯಾಸವನ್ನು ಆತ ಒಂದು ಮಾತಿನಲ್ಲಿ ಮುಗಿಸಿದ್ದ. ಮನೆ ಒಡೆಯಬಾರದೆಂದು ಕೋರ್ಟಿಗೆ ಹೋದ ಅಣ್ಣ ‘ನನಗೆ ಮನೆ ಒಂದಾಗಿ ಉಳಿದರೆ ಸಾಕು’ ಎಂದನೆಂಬ ಕಾರಣಕ್ಕೆ, ತಮ್ಮ ಪಾಲು ಕೇಳಿದ್ದು ಯಾವ ಹೊಲಕ್ಕಾಗಿ ಎಂಬುದು ಬದಲಾಗುವುದಿಲ್ಲ.

ಪಾಲು ಕೇಳಿದವರ, ಅಂದರೆ ಬಿಟ್ಟುಹೋದ ದಕ್ಷಿಣದ ರಾಜ್ಯಗಳ, ಅರ್ಜಿಗಳು ಇಂದಿಗೂ ಲಭ್ಯವಿವೆ. 1860ರ ನವೆಂಬರಿನಲ್ಲಿ, ದಕ್ಷಿಣದ ಹತ್ತು ರಾಜ್ಯಗಳಲ್ಲಿ ಒಂದೇ ಒಂದು ಮತವಿಲ್ಲದೆ, ಗುಲಾಮಗಿರಿಯ ವಿಸ್ತರಣೆಯನ್ನು ವಿರೋಧಿಸುತ್ತಿದ್ದ ಲಿಂಕನ್ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದರು. ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಹೊರನಡೆಯಿತು, ಫೆಬ್ರವರಿ 1ರ ಹೊತ್ತಿಗೆ ಇನ್ನೂ ಆರು ರಾಜ್ಯಗಳು ಅದರ ಹಿಂದೆ ಹೋದವು. ಹೊರಡುವ ಕಾರಣವನ್ನು ವಿವರಿಸುತ್ತ ಮಿಸಿಸಿಪ್ಪಿ ತನ್ನ ಘೋಷಣೆಯಲ್ಲಿ, ತಮ್ಮ ನಿಲುವು ಜಗತ್ತಿನ ಅತಿದೊಡ್ಡ ಭೌತಿಕ ಹಿತಾಸಕ್ತಿಯಾದ ಗುಲಾಮಗಿರಿಯ ಜೊತೆಗೆ ಸಂಪೂರ್ಣವಾಗಿ ಬೆಸೆದುಕೊಂಡಿದೆ ಎಂದು ಯಾವ ಸಂಕೋಚವೂ ಇಲ್ಲದೆ ಬರೆಯಿತು. 1860ರ ಜನಗಣತಿಯಂತೆ ದೇಶದಲ್ಲಿದ್ದ ಗುಲಾಮರು ಸುಮಾರು 39.5 ಲಕ್ಷ. ದಕ್ಷಿಣ ಕೆರೊಲಿನಾ ಮತ್ತು ಮಿಸಿಸಿಪ್ಪಿಗಳಲ್ಲಿ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಅವರೇ.

ಇನ್ನು ರಾಜ್ಯಗಳ ಹಕ್ಕು. ಇಲ್ಲಿ ನಾನು ಸ್ವಲ್ಪ ಹೆಚ್ಚೇ ನಿಲ್ಲುತ್ತೇನೆ, ಏಕೆಂದರೆ ನನ್ನ ಜಾಣರು ಎಡವುವುದು ಇಲ್ಲೇ. ದಕ್ಷಿಣದ ಒತ್ತಾಯದಿಂದ ಬಂದ 1850ರ ಪರಾರಿ ಗುಲಾಮರ ಕಾಯ್ದೆಯನ್ನು ಬಿಡಿಸಿ ನೋಡಿ. ಉತ್ತರದ ರಾಜ್ಯಕ್ಕೆ ಓಡಿಬಂದವನನ್ನು ಹಿಡಿಯಲು ಅಲ್ಲಿನ ಸಾಮಾನ್ಯ ನಾಗರಿಕನೂ ನೆರವಾಗಬೇಕು. ಹಿಡಿದವನಿಗೆ ಜ್ಯೂರಿಯ ಮುಂದೆ ವಿಚಾರಣೆಯಿಲ್ಲ, ತನ್ನ ಪರವಾಗಿ ಸಾಕ್ಷಿ ನುಡಿಯುವ ಅವಕಾಶವೂ ಇಲ್ಲ. ತೀರ್ಮಾನಿಸುವ ಕಮಿಷನರಿಗೆ, ಆತನನ್ನು ದಣಿಯ ವಶಕ್ಕೆ ಒಪ್ಪಿಸಿದರೆ ಹತ್ತು ಡಾಲರ್ ಶುಲ್ಕ, ಬಿಟ್ಟುಬಿಟ್ಟರೆ ಐದು. ಕೇಂದ್ರ ಸರ್ಕಾರದ ಕೈ ರಾಜ್ಯದೊಳಗೆ ಇಷ್ಟು ಆಳಕ್ಕೆ ಇಳಿದ ಇನ್ನೊಂದು ಕಾಯ್ದೆ ಆ ಕಾಲದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಇದು ಸಂವಿಧಾನಬಾಹಿರ, ನಮ್ಮ ರಾಜ್ಯದಲ್ಲಿ ನಡೆಯದು ಎಂದು ಎದುರು ನಿಂತದ್ದು ಉತ್ತರದ ವಿಸ್ಕಾನ್ಸಿನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ. ಅದರ ನಿಲುವನ್ನು 1859ರಲ್ಲಿ ದೇಶದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅಂದರೆ ಆ ಹತ್ತು ವರ್ಷ ರಾಜ್ಯದ ಹಕ್ಕಿನ ಮಾತೆತ್ತಿದ್ದು ಉತ್ತರ, ಕೇಂದ್ರದ ಬಲವನ್ನು ಬೇಡಿದ್ದು ದಕ್ಷಿಣ. ದಕ್ಷಿಣ ಕೆರೊಲಿನಾದ ಘೋಷಣೆಯ ದೂರುಗಳಲ್ಲಿ ಮುಖ್ಯವಾದದ್ದೂ ಇದೇ: ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು ಪರಾರಿಯಾದ ಗುಲಾಮರನ್ನು ಹಿಂದಿರುಗಿಸುತ್ತಿಲ್ಲ, ನ್ಯೂಯಾರ್ಕಿನ ನ್ಯಾಯಾಲಯಗಳಂತೂ ಗುಲಾಮನನ್ನು ಜೊತೆಗಿಟ್ಟುಕೊಂಡು ಹಾದುಹೋಗಲೂ ಬಿಡುತ್ತಿಲ್ಲ ಎಂಬುದು. ಬೇರೆಯಾದ ಮೇಲೆ ಅವರು ಬರೆದುಕೊಂಡ ಸಂವಿಧಾನವೂ, ಗುಲಾಮರ ಮೇಲಿನ ಆಸ್ತಿ ಹಕ್ಕಿಗೆ ಚ್ಯುತಿ ತರುವ ಕಾನೂನನ್ನು ನಿಷೇಧಿಸಿ, ಗುಲಾಮರ ಸಮೇತ ಯಾವ ರಾಜ್ಯಕ್ಕಾದರೂ ಹೋಗಿ ತಂಗುವ ಹಕ್ಕನ್ನು ನಾಗರಿಕರಿಗೆ ಕೊಟ್ಟಿತು. ಆ ವಿಷಯದಲ್ಲಿ ಯಾವ ರಾಜ್ಯಕ್ಕೂ ಬೇರೆ ದಾರಿ ಹಿಡಿಯುವ ಹಕ್ಕನ್ನು ಅವರು ಉಳಿಸಲಿಲ್ಲ.

ಸುಂಕದ ವಾದಕ್ಕೆ ಇಷ್ಟು ಜಾಗ ಬೇಡ. 1832ರಲ್ಲಿ ಸುಂಕದ ವಿರುದ್ಧ ದಕ್ಷಿಣ ಕೆರೊಲಿನಾ ಸೆಟೆದು ನಿಂತಾಗ ಒಂದು ರಾಜ್ಯವೂ ಅದರ ಜೊತೆ ಹೋಗಲಿಲ್ಲ. ಜಾರ್ಜಿಯಾದ ಘೋಷಣೆಯಲ್ಲಿ ಸುಂಕದ ಪ್ರಸ್ತಾಪವೇನೋ ಬರುತ್ತದೆ, ಆದರೆ 1846ರ ಕಾಯ್ದೆಯಿಂದ ಆ ಜಗಳ ಇತ್ಯರ್ಥವಾಯಿತೆಂದು ಹೇಳುವುದಕ್ಕಾಗಿ. ಸುಂಕ ಏರಿಸಿದ ಮಾರಿಲ್ ಕಾಯ್ದೆ ಅಂಗೀಕಾರವಾದದ್ದು 1861ರ ಮಾರ್ಚಿನಲ್ಲಿ, ಏಳು ರಾಜ್ಯಗಳು ಹೊರಟುಹೋದ ಮೇಲೆ.

ಹಾಗಾದರೆ ಈ ಕಥೆ ಬಂದದ್ದೆಲ್ಲಿಂದ? ಬೇರೆಯಾದ ದಕ್ಷಿಣದ ಹೊಸ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್ 21ರಂದು ಸವಾನಾ ನಗರದಲ್ಲಿ ಮಾತನಾಡುತ್ತ, ಕರಿಯರು ಬಿಳಿಯರಿಗೆ ಸಮಾನರಲ್ಲ, ಗುಲಾಮಗಿರಿ ಅವರ ಸಹಜ ಸ್ಥಿತಿ ಎಂಬ ನಂಬಿಕೆಯೇ ಹೊಸ ಸರ್ಕಾರದ ಮೂಲೆಗಲ್ಲು ಎಂದರು. ಸೋತ ಮೇಲೆ ಅದೇ ಸ್ಟೀಫನ್ಸ್ ಎರಡು ದಪ್ಪ ಸಂಪುಟಗಳನ್ನು ಬರೆದು, ಜಗಳವಿದ್ದದ್ದು ಒಕ್ಕೂಟದ ಸ್ವರೂಪದ ಬಗ್ಗೆ ಎಂದು ವಾದಿಸಿದರು. ನನ್ನ ವಿದ್ಯಾರ್ಥಿಗಳು ಓದುವ ‘ಹೊಸ’ ವಾದಕ್ಕೆ ನೂರೈವತ್ತು ವರ್ಷದ ಮುಪ್ಪು.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ತುರುಪಿನ ಎಲೆಯಂತೆ ಹುಡುಗರು ನನ್ನ ಮುಂದೆ ಇಡುವುದು 1862ರ ಆಗಸ್ಟ್ 22ರಂದು ಲಿಂಕನ್ ಪತ್ರಿಕಾ ಸಂಪಾದಕ ಹೊರೇಸ್ ಗ್ರೀಲಿಗೆ ಬರೆದ ಪತ್ರವನ್ನು: ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟವನ್ನು ಉಳಿಸಲಾಗುವುದಾದರೆ ಹಾಗೆಯೇ ಮಾಡುತ್ತೇನೆ, ಎಲ್ಲರನ್ನೂ ಬಿಡಿಸಿ ಉಳಿಸಲಾಗುವುದಾದರೆ ಅದನ್ನೂ ಮಾಡುತ್ತೇನೆ. ಪತ್ರ ನಿಜ. ಅದು ಮನೆ ಒಡೆಯಬೇಡಿ ಎಂದವನ ಹೇಳಿಕೆ. ಆದರೆ ಎಲ್ಲ ಮನುಷ್ಯರೂ ಎಲ್ಲೆಡೆ ಸ್ವತಂತ್ರರಾಗಿರಬೇಕೆಂಬ ತನ್ನ ವೈಯಕ್ತಿಕ ಆಸೆಯಲ್ಲಿ ಬದಲಾವಣೆಯಿಲ್ಲ ಎಂಬ ಅದರ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ವಿಮೋಚನಾ ಘೋಷಣೆಯ ಕರಡನ್ನು ಅವರು ಹಿಂದಿನ ತಿಂಗಳೇ ತಮ್ಮ ಸಚಿವರಿಗೆ ಓದಿ ಹೇಳಿದ್ದರೆಂಬುದನ್ನೂ ಬರೆಯುವುದಿಲ್ಲ.

ಯುದ್ಧವೇಕೆ ಎಂಬುದಕ್ಕೆ ಉತ್ತರದ ರಾಜ್ಯಗಳವರು ಕೊಡುತ್ತಿದ್ದ ಕಾರಣ ಯುದ್ಧದ ನಡುವೆಯೇ ಬದಲಾಗುತ್ತಿತ್ತು, ಮತ್ತು ಅದನ್ನು ಬದಲಾಯಿಸಿದವರಲ್ಲಿ ಮೊದಲಿಗರು ಗುಲಾಮರೇ. 1861ರ ಮೇ ತಿಂಗಳಲ್ಲಿ, ದಕ್ಷಿಣದ ಸೇನೆಗಾಗಿ ವರ್ಜೀನಿಯಾದಲ್ಲಿ ದುಡಿಸಲಾಗುತ್ತಿದ್ದ ಫ್ರಾಂಕ್ ಬೇಕರ್, ಜೇಮ್ಸ್ ಟೌನ್‌ಸೆಂಡ್, ಶೆಪರ್ಡ್ ಮ್ಯಾಲರಿ ಎಂಬ ಮೂವರು ರಾತ್ರಿ ದೋಣಿಯಲ್ಲಿ ಉತ್ತರದ ವಶದಲ್ಲಿದ್ದ ಮನ್ರೋ ಕೋಟೆ ಸೇರಿದರು. ಪರಾರಿ ಗುಲಾಮರ ಕಾಯ್ದೆಯಂತೆ ಅವರನ್ನು ಒಪ್ಪಿಸಿ ಎಂದು ದಣಿಯ ಕಡೆಯವರು ಬಂದರು. ಮೂಲತಃ ವಕೀಲರಾಗಿದ್ದ ಜನರಲ್ ಬಟ್ಲರ್, ವರ್ಜೀನಿಯಾ ಈಗ ಪರದೇಶವೆಂದು ನೀವೇ ಹೇಳುತ್ತೀರಿ, ಪರದೇಶಕ್ಕೆ ನಮ್ಮ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಹೇಳಿ, ಮೂವರನ್ನೂ ಶತ್ರುವಿನಿಂದ ವಶಪಡಿಸಿಕೊಂಡ ಯುದ್ಧಸಾಮಗ್ರಿಯ ಲೆಕ್ಕಕ್ಕೆ ಬರೆಸಿಕೊಂಡರು. ಮನುಷ್ಯರನ್ನು ಸಾಮಗ್ರಿ ಎಂದದ್ದು ಕಿವಿಗೆ ಕಹಿ, ಆದರೆ ಬಾಗಿಲು ತೆರೆದದ್ದು ಆ ಮಾತೇ. ಅವರ ಹಿಂದೆ ಸಾವಿರಾರು ಜನ ಬಂದರು. 1863ರ ಜನವರಿ 1ರ ವಿಮೋಚನಾ ಘೋಷಣೆಯ ನಂತರ ಸೈನ್ಯಕ್ಕೂ ಸೇರಿದರು. ಯುದ್ಧ ಮುಗಿಯುವಷ್ಟರಲ್ಲಿ ಉತ್ತರದ ಸೇನೆಯಲ್ಲಿ ಸುಮಾರು 1.8 ಲಕ್ಷ ಕಪ್ಪು ಸೈನಿಕರು ಸೇವೆ ಸಲ್ಲಿಸಿದ್ದರು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ದಕ್ಷಿಣದ ಪ್ರತಿಯೊಬ್ಬ ಸಿಪಾಯಿಯೂ ಗುಲಾಮರನ್ನು ಇಟ್ಟುಕೊಂಡವನಲ್ಲ. ಅಲ್ಲಿನ ಬಿಳಿಯರ ಕುಟುಂಬಗಳಲ್ಲಿ ಹೆಚ್ಚಿನವಕ್ಕೆ ಗುಲಾಮರಿರಲಿಲ್ಲ. ಊರಿಗಾಗಿ, ಸಂಬಳಕ್ಕಾಗಿ, ಕಡ್ಡಾಯ ಭರ್ತಿಯಿಂದಾಗಿ ಹೋದವರಿದ್ದರು. ವರ್ಜೀನಿಯಾ ಸೇರಿದಂತೆ ನಾಲ್ಕು ರಾಜ್ಯಗಳು ಹೊರಟದ್ದು ಉತ್ತರದ ಸೈನಿಕರಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿ, ಲಿಂಕನ್ 75,000 ಸ್ವಯಂಸೇವಕರನ್ನು ಕರೆದ ಮೇಲೆ. ಯುದ್ಧವನ್ನು ತಪ್ಪಿಸಬಹುದಿತ್ತೇ ಎಂಬ ವಾದವೂ ಇತಿಹಾಸಕಾರರಲ್ಲಿ ಮುಗಿದಿಲ್ಲ. ಇವನ್ನೆಲ್ಲ ಬರೆಯಿರಿ, ಅಂಕ ಕೊಡುತ್ತೇನೆ. ನಮ್ಮ ಭಾಗದ ಹುಡುಗರು ಹತ್ತಿಯ ಮಾತನ್ನೂ ಬರೆಯಬಹುದು. ತಮ್ಮ ಹತ್ತಿಯಿಲ್ಲದೆ ಬ್ರಿಟನ್ ಬದುಕದು, ತಮ್ಮ ನೆರವಿಗೆ ಬಂದೇ ಬರುತ್ತದೆ ಎಂದು ದಕ್ಷಿಣ ನಂಬಿತ್ತು. ಬ್ರಿಟನ್ ತಿರುಗಿ ನೋಡಿದ್ದು ಭಾರತದ ಕಡೆಗೆ, ಅಮೆರಿಕದ ಬೀಜದಿಂದಲೇ ಬೆಳೆಯುತ್ತಿದ್ದ ‘ಧಾರವಾಡ-ಅಮೆರಿಕನ್’ ಹತ್ತಿಯ ಕಡೆಗೂ. ಆದರೆ ಅದು ಯುದ್ಧದ ಪರಿಣಾಮ. ಕಾರಣಗಳ ಪಟ್ಟಿಯಲ್ಲಿ ತುರುಕಬೇಡಿ.

ಈ ಸಲದ ಕಟ್ಟಿನಲ್ಲಿ ತಲಾಟಿಯವರ ಮಗನ ಪತ್ರಿಕೆಯೂ ಇತ್ತು. ಎರಡು ಪ್ರಶ್ನೆಗಳಿಗೆ ಎರಡು ಬೇರೆ ಪ್ಯಾರಾ ಬರೆದು, ಮಿಸಿಸಿಪ್ಪಿಯ ಘೋಷಣೆಯನ್ನು ಮೊದಲನೆಯದರಲ್ಲಿ, ಗ್ರೀಲಿಗೆ ಬರೆದ ಪತ್ರವನ್ನು ಎರಡನೆಯದರಲ್ಲಿ ಇಟ್ಟಿದ್ದ. ಸ್ಟೀಫನ್ಸರ ಭಾಷಣವನ್ನು ಮಾತ್ರ 1862 ಎಂದು ಬರೆದಿದ್ದ. ಇಸವಿಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಅಂಕ ಕಳೆಯದೆ ಮುಂದಿನ ಪತ್ರಿಕೆ ತೆಗೆದೆ.